ಕೆಂಪರಾಜ ತಲೆ ಬೇರೆ ಮೈ ಬೇರೆ ಮಾಡಿದ್ದು

ಕೇಳಿ, ನಡುವೆ ಬಾಯಿ ಹಾಕಂಗಿಲ್ಲ. ನಗು ಬಂದ್ರೆ ನಗಿ. ಭಯ ಆದ್ರೆ ಪಕ್ಕದೋರ ಕೈ ಹಿಡ್ಕೊಳ್ಳಿ, ನನ್ ಕೈ ಮಾತ್ರ ಹಿಡೀಬೇಡಿ, ಕೈ ಆಡಿಸದೆ ನಂಗೆ ಕತೆ ಬರಲ್ಲ.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಳು. ಅವಳಿಗೊಬ್ಬನೇ ಮಗ, ಕೆಂಪರಾಜ. ಮೀಸೆ ಬಂದು ಮೀಸೇಲಿ ನರೆ ಬಂದ್ರೂ ಅವನಿಗೆ ಬುದ್ಧಿ ಬಂದಿರ್ಲಿಲ್ಲ. ಒಂದಿನ ಅವ್ವ, "ಅಕ್ಕೀಲಿ ಕಲ್ಲು ಆರ್ಸಿ ಒಲೆ ಮೇಲಿಡೋ" ಅಂತ ಹೇಳಿ ನೀರಿಗೆ ಹೋದ್ಲು. ಬಂದು ಮುಚ್ಚಳ ತೆಗೆದು ನೋಡ್ತಾಳೆ, ಕಲ್ಲು ಕುದೀತಾ ಅವೆ!

"ಲೋ ಮುಂಡೇದೇ! ಅಕ್ಕಿ ಎಲ್ಲೋ?"

"ಕಲ್ಲು ಆರ್ಸು ಅಂದ್ಯಲ್ಲವ್ವ, ಆರ್ಸಿದೆ. ಒಲೆ ಮೇಲಿಡು ಅಂದೆ, ಇಟ್ಟೆ. ಅಕ್ಕಿ ಸುದ್ದಿ ನೀನು ಎತ್ತಲೇ ಇಲ್ವಲ್ಲ, ಕೋಳಿಗೆ ಹಾಕ್ದೆ."

ದೊಡ್ಡತಾಯಮ್ಮ ಹಣೆ ಚಚ್ಕೊಂಡ್ಲು. "ಅಯ್ಯೋ ನನ್ ಕಂದಾ, ನಾನು ಕಣ್ಮುಚ್ಚಿದ್ ಮೇಲೆ ನಿನ್ನ ಯಾರೋ ನೋಡ್ಕೋತಾರೆ?" ಬೆಳಿಗ್ಗೆ ಎದ್ರೂ ಇದೇ ಮಾತು, ಉಣ್ಣಕ್ಕೆ ಕೂತ್ರೂ ಇದೇ ಮಾತು. ಅವಳಿಗೆ ಬೇರೆ ಕೊರಗೇ ಇರ್ಲಿಲ್ಲ.

ಅವಳು ಪೇಟೆಯ ಲೈಬ್ರರೀಲಿ ಕಸ ಗುಡಿಸಿ ನೆಲ ಒರೆಸ್ತಿದ್ಲು. ಅಲ್ಲಿ ಸುಗುಣಾವತಿ ಮೇಡಂ ಅಂತ ದೊಡ್ಡೋರು. ಅವರ ಕಾಲಿಗೆ ಬಿದ್ದು ಬೇಡ್ಕೊಂಡ್ಲು. "ಮೇಡಮ್ಮೋರೇ, ನನ್ ಮಗಂಗೊಂದು ಕೆಲಸ ಕೊಡಿ. ಟೈಪಿಂಗ್ ಕಲ್ತವ್ನೆ. ಕಂಪ್ಯೂಟರೂ ಹೇಳಿದ್ದೇ ಮಾಡ್ತದೆ, ಇವನೂ ಹೇಳಿದ್ದೇ ಮಾಡ್ತಾನೆ. ಇಬ್ರಿಗೂ ಚೆನ್ನಾಗಿ ಹೊಂದ್ಕೋತದೆ."

ಮೇಡಂಗೂ ಕೈಯಾಳು ಬೇಕಾಗಿತ್ತು. ಹಾಡು ಹುಡುಕ್ತಾ ಊರೂರು ಅಲೆದ ಪಂಚಾಕ್ಷರಿ ಮೇಷ್ಟ್ರು ತೀರ್ಕೊಂಡಿದ್ರು. ಅವರು ಬರೆದ ಇಮೇಲು, ಅವರಿಗೆ ಬಂದ ಇಮೇಲು, ಎಲ್ಲಾನೂ ಮನೆಯೋರು ಲೈಬ್ರರಿಗೆ ಕೊಟ್ಟಿದ್ರು. ಅವನ್ನ ಬಿಡಿಸಿ, ಜೋಡಿಸಿ, ಯಾರು ಬೇಕಾದ್ರೂ ಕೂತಲ್ಲೇ ಓದೋ ಹಂಗೆ ಡಿಜಿಟಲ್ ಲೈಬ್ರರಿಗೆ ಹಾಕಬೇಕಿತ್ತು.

"ನೋಡಪ್ಪ," ಅಂದ್ರು ಮೇಡಂ. "ಪ್ರತಿ ಇಮೇಲಿಗೂ ಒಂದು ತಲೆ, ಒಂದು ಮೈ ಇರುತ್ತೆ. ಯಾರು ಬರೆದ್ರು, ಯಾರಿಗೆ, ಯಾವ ತಾರೀಖು, ಅದು ತಲೆ. ಒಳಗಿರೋ ಮಾತು ಮೈ. ತಲೆ ಬೇರೆ ಮಾಡು, ಮೈ ಬೇರೆ ಮಾಡು. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಮ್ಮೋರೇ!"

ಮಾಡ್ದ ನೋಡಿ! ಒಂದೊಂದರದ್ದೂ ತಲೆ ಕಚಕ್ ಅಂತ ಕತ್ತರಿಸ್ದ. ಕಂಪ್ಯೂಟರೊಳಗೇ ತಲೆಯೆಲ್ಲ ಒಂದು ಡಬ್ಬಕ್ಕೆ, ಮೈಯೆಲ್ಲ ಇನ್ನೊಂದು ಡಬ್ಬಕ್ಕೆ. ಮೇಡಂ ಬಂದು ತೆರೆದ್ರು. ಒಂದು ಕಡೆ ಬರೀ ಹೆಸರುಗಳು, ಸಾಲಾಗಿ, ಬಾಯಿ ಮುಚ್ಕೊಂಡು ಕೂತಿವೆ. ಇನ್ನೊಂದು ಕಡೆ ಹೆಸರಿಲ್ಲದ ಮಾತುಗಳು. "ನೀರು ತುಂಬಾ ತಣ್ಣಗಿದೆ" ಅಂತ ಒಂದು. "ಯಾಕೆ ಬಾಗಿಲು ತೆಗೀಲಿಲ್ಲ?" ಅಂತ ಒಂದು. ಯಾರು, ಯಾರಿಗೆ, ಯಾವಾಗ, ಯಾವುದೂ ತಿಳಿಯಲ್ಲ. ಓದ್ತಾ ಓದ್ತಾ ಮೇಡಂ ಸೆರಗು ಬಿಗಿಯಾಗಿ ಹೊದ್ಕೊಂಡ್ರು.

"ಅಯ್ಯೋ ಪೆದ್ದೇ! ಯಾವ ತಲೆ ಯಾವ ಮೈದು ಅಂತ ಹೇಗೆ ಗೊತ್ತಾಗಬೇಕು? ಗೊತ್ತಾಗದಿದ್ರೆ ಕೇಳಬೇಕು! ಕೇಳೋಕೆ ಏನು ರೋಗ ನಿಂಗೆ?"

"ಆಗ್ಲಿ ಮೇಡಮ್ಮೋರೇ, ಕೇಳ್ತೀನಿ!"

ಮೇಡಮ್ಮನ್ನ ಕೇಳಿದ್ನಾ? ಇಲ್ಲ. ತಲೆ ಡಬ್ಬದಲ್ಲಿ ಯಾರ್ಯಾರ ವಿಳಾಸ ಇತ್ತೋ ಅವರಿಗೆಲ್ಲ ಬರೆದ. "ಸ್ವಾಮಿ, ನಿಮ್ಮ ತಲೆ ನಮ್ಮ ಹತ್ರ ಇದೆ. ನಿಮ್ಮ ಮೈ ಯಾವುದು ದಯವಿಟ್ಟು ತಿಳಿಸಿ."

ಬದುಕಿದ್ದೋರು ಬಾಯಿಗೆ ಬಂದಂಗೆ ಬೈದು ಬರೆದ್ರು. ಒಬ್ಬರು ಪೊಲೀಸಿಗೆ ಹೇಳ್ತೀನಿ ಅಂದ್ರು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ತರದ ಉತ್ತರ ಬರಕ್ಕೆ ಶುರುವಾಯ್ತು. "ನಂದು ಸುಟ್ಟಾಯ್ತು ಕಣಪ್ಪ" ಅಂತ ಒಂದು ಬಂತು. "ನಂದು ಬಾವಿ ತಳದಲ್ಲೈತೆ, ಯಾರೂ ಎತ್ತಿಲ್ಲ" ಅಂತ ಒಂದು ಬಂತು. ಆಮೇಲೆ ಮೇಷ್ಟ್ರ ವಿಳಾಸದಿಂದಲೇ ಬಂತು. "ನನ್ನ ಮೈ ಮಣ್ಣೊಳಗೆ ಕೂತಿದೆ ಮಗು. ಕೂರಿಸಿಯೇ ಹೂಳ್ತಾರಲ್ಲ ನಮ್ಮಲ್ಲಿ. ಮೊನ್ನೆಯಿಂದ ತಲೆ ಸಿಗ್ತಿಲ್ಲ. ನಿನ್ ಹತ್ರ ಇದ್ಯಾ? ಬರ್ಲಾ?"

ಮೇಡಂ ಅದನ್ನ ಓದಿದ್ರು. ಮತ್ತೆ ಓದಿದ್ರು. ಮೇಷ್ಟ್ರ ಮಣ್ಣಿಗೆ ಅವರೇ ಹೋಗಿದ್ರು, ವಿಭೂತಿ ಹಚ್ಚಿ ಕೂರಿಸಿದ್ದನ್ನ ಕಣ್ಣಾರೆ ನೋಡಿದ್ರು. "ಯಾರೋ ತಮಾಷೆ ಮಾಡ್ತಿದಾರೆ" ಅಂದ್ರು. ಆದ್ರೆ ಎದ್ದು ಹೋಗಿ ಕಿಟಕಿ ಬಾಗಿಲು ಹಾಕಿ ಬಂದ್ರು, ಆಮೇಲೆ ಸಿಟ್ಟೂ ಬಂತು.

"ಸತ್ತೋರನ್ನ ಮಾತಾಡಿಸ್ತಾರೇನೋ? ಯಾವತ್ತು ಕಳಿಸಿದ್ಯೋ ಇದನ್ನ? ತಾರೀಖೂ ತಲೆ ಜೊತೆ ಕಿತ್ತು ಹಾಕಿದ್ದೀಯ! ಇನ್ಮೇಲೆ ಏನೇ ಬರೆದ್ರೂ ತಾರೀಖು ಹಾಕಿ ಬರಿ. ತಾರೀಖಿಲ್ಲದ ಒಂದಕ್ಷರ ಇಲ್ಲಿಂದ ಹೊರಗೆ ಹೋಗಬಾರದು!"

"ಆಗ್ಲಿ ಮೇಡಮ್ಮೋರೇ, ತಾರೀಖು ಹಾಕ್ತೀನಿ!"

ಸಂಜೆ ಮನೇಲಿ ಕೆಂಪರಾಜ ಮುದ್ದೆ ನುಂಗ್ತಾ ಅವ್ವನಿಗೆ ಹೇಳ್ದ. "ಅವ್ವೋ, ಎಲ್ರೂ ಬರ್ಲಾ ಬರ್ಲಾ ಅಂತಾವ್ರೆ. ಏನನ್ಲಿ?"

"ಯಾರೋ?"

"ಸತ್ತೋರು."

ದೊಡ್ಡತಾಯಮ್ಮನ ಕೈಲಿದ್ದ ಸೌಟು ಕೆಳಕ್ಕೆ ಬಿತ್ತು. "ಹೂಂ ಅಂದ್ಯೇನೋ? ಅನ್ನಬೇಡ ಕಣೋ, ನಿನ್ ಕಾಲಿಗ್ ಬೀಳ್ತೀನಿ! ಹೂಂ ಅಂದ್ರೆ ಕರ್ಕೊಂಡೋಗ್ತಾವೆ! ನಮ್ಮೂರಲ್ಲಿ ಬಾಗಿಲ ಮೇಲೆ ಏನ್ ಬರೀತಿದ್ವು? ನಾಳೆ ಬಾ ಅಂತ. ಓದ್ಕೊಂಡು ಹೋಗ್ತಾವೆ. ನಾಳೆ ಬತ್ತಾವೆ, ಮತ್ತೆ ನಾಳೆ ಬಾ ಅಂತಿರ್ತದೆ, ಮತ್ತೆ ಹೋಗ್ತಾವೆ. ಹಂಗೇ ಬರ್ದಾಕು."

ಒಳ್ಳೇ ಬುದ್ಧಿವಾದವೇ. ನಮ್ಮಜ್ಜಿಯೂ ಬರೀತಿದ್ಲು, ನಮ್ಮನೆಗೆ ಯಾವುದೂ ಬರ್ಲಿಲ್ಲ. ಕೆಂಪರಾಜ ಮಾರನೇ ದಿನ ಲೈಬ್ರರಿಗೆ ಹೋಗಿ ಎಲ್ಲರಿಗೂ ನಾಳೆ ಬಾ ಅಂತ ಬರೆದ. ಕಳಿಸಬೇಕು ಅನ್ನೋವಾಗ ಮೇಡಂ ಮಾತು ನೆನಪಾಯ್ತು. ತಾರೀಖಿಲ್ಲದ ಒಂದಕ್ಷರ ಹೋಗಬಾರದು! ಸರಿ, ನಾಳೆ ಅನ್ನೋದರ ಪಕ್ಕದಲ್ಲಿ ನಾಳೆಯ ತಾರೀಖನ್ನೂ ಹಾಕ್ದ.

ತಿಳೀತೇನ್ರಪ್ಪ? ಬಾಗಿಲ ಮೇಲಿನ ನಾಳೆಗೆ ತಾರೀಖಿರಲ್ಲ, ಅದಕ್ಕೇ ಅದು ಯಾವತ್ತೂ ಬರಲ್ಲ. ಇವನು ಹಾಕಿಬಿಟ್ಟ. ನಾಳೆ ಬಂದೇ ಬಂತು.

ಸುಡೋ ಮಧ್ಯಾಹ್ನ. ಮೇಡಂ ಊಟಕ್ಕೆ ಹೋಗಿದ್ರು. ದೊಡ್ಡತಾಯಮ್ಮ ಓದೋ ಕೋಣೆ ಒರೆಸಿ, ಬಕೆಟ್ ಎತ್ಕೊಂಡು ಆಚೆ ಜಗಲಿಗೆ ಬಂದಿದ್ಲು. ಒಳಗೆ ಕೆಂಪರಾಜ ತಲೆಯೆತ್ತಿ ನೋಡ್ತಾನೆ, ಬೆಂಚೆಲ್ಲ ತುಂಬೋಗಿದೆ. ಬಾಗಿಲಲ್ಲಿ ಒಂದು ಚಪ್ಪಲಿ ಇಲ್ಲ. ಒದ್ದೆ ನೆಲದ ಮೇಲೆ ಒಂದು ಹೆಜ್ಜೆ ಇಲ್ಲ. ಪಂಚೆ, ಸೀರೆ, ಶಲ್ಯ ಎಲ್ಲ ಸರಿಯಾಗೇ ಇವೆ. ಕತ್ತಿನಿಂದ ಮೇಲೆ ಏನೂ ಇಲ್ಲ.

ಅವರಲ್ಲೊಬ್ಬರು ಮಾತಾಡಿದ್ರು. ಬಾಯಿಲ್ಲದೆ ಹೆಂಗೆ ಅಂತೀಯಾ? ಕತೆ ಹೇಳೋನು ನಾನೋ ನೀನೋ? ಸುಮ್ನೆ ಕೇಳು.

"ಕೊಡಪ್ಪ," ಅಂದ್ರು ಮೇಷ್ಟ್ರು.

ಕೆಂಪರಾಜನಿಗೆ ಭಯ ಎಲ್ಲಿಂದ ಬರಬೇಕು? ಹೆದರ್ಕೋ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ. ಡಬ್ಬ ತೆರೆದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೊಟ್ಟ. "ಇದು ನಂದಲ್ಲ ಕಣಪ್ಪ, ನಂಗೆ ಮೂಗುಬೊಟ್ಟಿತ್ತು" ಅಂದ್ಲು ಒಬ್ಬ ಮುದುಕಿ. ಹುಡುಕಿ ಅವಳದ್ದೇ ಕೊಟ್ಟ. ತಲೆ ಮೈಗೆ ಕೂತ ಹಾಗೆಲ್ಲ ಪರದೆ ಮೇಲೂ ಒಂದೊಂದೇ ಇಮೇಲು ಕೂಡ್ಕೊಳ್ತಾ ಹೋಯ್ತು.

"ಚೆಂದ ಮಾಡ್ದೆ. ನಿಂಗೇನು ಬೇಕು ಕೇಳು," ಅಂದ್ರು ಮೇಷ್ಟ್ರು. ಕತ್ತು ತಿರುಗಿಸಿ ತಿರುಗಿಸಿ ಸರಿಯಾಗಿದ್ಯಾ ಅಂತ ನೋಡ್ಕೋತಿದ್ರು.

"ನಂಗೇನೂ ಬೇಡ. ನಮ್ಮವ್ವಂಗೇ ಒಂದು ಚಿಂತೆ. ಅವಳು ಕಣ್ಮುಚ್ಚಿದ್ ಮೇಲೆ ನನ್ನ ಯಾರು ನೋಡ್ಕೋತಾರೆ?"

ಬೆಂಚಿನ ಮೇಲಿದ್ದ ತಲೆಯೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದ್ವು.

"ನಾವು," ಅಂದ್ವು.

ಕೆಂಪರಾಜ ಕುಣಿದ್ಬಿಟ್ಟ! ಜಗಲಿಗೆ ಓಡಿ ಬಂದ. "ಅವ್ವೋ! ಅವ್ವೋ! ನನ್ನ ನೋಡ್ಕೊಳ್ಳೋರು ಸಿಕ್ಕಿದ್ರು! ನೀನಿನ್ನು ನಿಶ್ಚಿಂತೆಯಾಗಿ ಸಾಯಿ!"

"ಯಾರೋ ಅದು? ಯಾರೋ ಸಿಕ್ಕಿದ್ದು?"

"ಮೇಷ್ಟ್ರು, ಮೂಗುಬೊಟ್ಟಿನಜ್ಜಿ, ಬಾವಿಯೋರು, ಎಲ್ರೂ! ಒಳಗೆ ಕಾಯ್ತಾವ್ರೆ. ನೀನು ಕಣ್ಮುಚ್ಚಿದ ತಕ್ಷಣ ಬರ್ತಾರಂತೆ. ತಾರೀಖು ಹೇಳವ್ವ!"

ದೊಡ್ಡತಾಯಮ್ಮ ಬಾಗಿಲಿಂದ ಒಳಗೆ ಇಣುಕಿದ್ಲು. ಏನು ಕಂಡ್ಲೋ, "ಓಡೋ ನನ್ ಕಂದಾ" ಅಂತ ಹೇಳೋಕೆ ಬಾಯಿ ತೆರೆದ್ಲು. ಅಷ್ಟರಲ್ಲೇ ಕಂಬಕ್ಕೆ ಒರಗಿ ಕುಸಿದ್ಲು, ಕಣ್ಣು ತಾನೇ ಮುಚ್ಕೊಳ್ತು.

ಕೆಂಪರಾಜ ಬಗ್ಗಿ ಅವಳ ರೆಪ್ಪೆ ನೋಡ್ದ. ಎರಡೂ ಮುಚ್ಚಿವೆ. ಒಳಗೆ ಕತ್ತು ಹಾಕಿ ಸಂತೋಷದಲ್ಲಿ ಕೂಗ್ದ:

"ಇವತ್ತೇ ಅಂತೆ! ಕಣ್ಮುಚ್ಚಿದ್ಲು! ಬನ್ರಪ್ಪೋ!"

ಅವರು ಅಲ್ಲಿ ಅವನನ್ನ ನೋಡ್ಕೋತಾವ್ರೆ, ನಾನಿಲ್ಲಿ ನಿಮ್ಮ ಮುಖ ನೋಡ್ತಾ ಕೂತಿದೀನಿ. ಏಳಿ, ಊಟಕ್ಕೆ ಹೊತ್ತಾಯ್ತು.