ಮೂರನೆಯ ಅರಸನ ಕೊಡೆ

ಸ್ವಲ್ಪ ಹತ್ತಿರ ಬನ್ನಿ, ಬಾಗಿಲು ಮುಂದೆ ಮಾಡಿ. ಈಗ ಹೇಳುವುದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೇವೆಂದು ಮಾತೆ ಮರಿಯಮ್ಮನ ಮೇಲೆ ಆಣೆ ಮಾಡಿ. ನಮ್ಮೂರಿನ ಜಮೀನುದಾರರು ಮಿನಿನ್ ಪಾತ್ರಾವ್ ಅವರ ಮನೆಯವರ ಕಿವಿಗಂತೂ ಬೀಳಲೇಬಾರದು. ಬಿದ್ದರೆ ನಾನು ಹೇಳಿದ್ದಲ್ಲ. ಸತ್ಪುರುಷರ ಕಥೆ ಹೇಳದೆ ಸತ್ತರೆ ಪಾಪ, ಹೇಳಿದರೆ ಊರಿನ ಮಾನ ಹೋಗುತ್ತದೆ. ಯೋಚಿಸಿ ನೋಡಿದೆ, ಊರಿನ ಮಾನವೇ ಹೋಗಲಿ.

ಪೂಜ್ಯ ಲಾದ್ರು ಗುರುಗಳು ಹಳಿಯಾಳದ ಆಚೆ ಕಾಡಂಚಿನಲ್ಲಿರುವ ನಮ್ಮ ಇಗರ್ಜಿಗೆ ಬಂದದ್ದು ಒಂದು ಆಷಾಢದಲ್ಲಿ. ಒಂದು ತಗಡಿನ ಪೆಟ್ಟಿಗೆ, ಒಂದು ಜಪಮಾಲೆ, ಒಂದು ಸೂಜಿದಾರದ ಉಂಡೆ, ಇಷ್ಟೇ ಅವರ ಆಸ್ತಿ. ಗುರುಮನೆಯ ಮಂಚವನ್ನು ಕ್ಷಯದ ರೋಗಿಯೊಬ್ಬನಿಗೆ ಕೊಟ್ಟು ತಾವು ಚಾಪೆಯ ಮೇಲೆ ಮಲಗುತ್ತಿದ್ದರು. ನಿಲುವಂಗಿಯ ಹರಕನ್ನು ತಾವೇ ಗುಲಾಬಿ ಬಣ್ಣದ ದಾರದಲ್ಲಿ ಹೊಲಿದುಕೊಳ್ಳುತ್ತಿದ್ದರು. ಆ ಹೊಲಿಗೆಯನ್ನು ನೋಡಿದರೆ ಗೋಣಿಚೀಲಕ್ಕೂ ನಾಚಿಕೆಯಾಗಬೇಕು. ಮಾತು ಬಹಳ ಕಡಿಮೆ. ಆಡುವ ನಾಲ್ಕು ಮಾತಿನಲ್ಲಿ ಎಲ್ಲರಿಗೂ ಬಹುವಚನ. ಸಗಣಿ ಬಾಚುವವಳಿಗೂ 'ಬನ್ನಿ', ಕುಡಿದು ಬಿದ್ದವನಿಗೂ 'ಏಳಿ'. ನಮ್ಮ ಹೆಂಗಸರು ಮುಸುಕು ಬಾಯಿಗಿಟ್ಟು ನಗುತ್ತಿದ್ದರು. ನಾನು ಮುಸುಕನ್ನೂ ಇಡುತ್ತಿರಲಿಲ್ಲ.

ನಿಜ ಹೇಳುತ್ತೇನೆ, ಮೊದಮೊದಲು ನನಗೆ ಅವರ ಮೇಲೆ ಭಕ್ತಿ ಹುಟ್ಟಲಿಲ್ಲ. ಕಾರಣವಿತ್ತು. ನಮ್ಮ ಹಿತ್ತಿಲ ಬೇಲಿಯಾಚೆ ಬಸ್ತ್ಯಾಂವ ಸಿದ್ದಿಯ ಮನೆ. ಸಿದ್ದಿಗಳ ಹಿರಿಯರನ್ನು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದಿದ್ದರಂತೆ. ತಪ್ಪಿಸಿಕೊಂಡವರು ನಮ್ಮ ಕಾಡುಗಳಲ್ಲಿ ನೆಲೆನಿಂತರು. ಗುಂಗುರು ಕೂದಲು, ಕಪ್ಪು ಮೈ, ನಮ್ಮಂತೆಯೇ ಶಿಲುಬೆಯ ಗುರುತು. ಬಸ್ತ್ಯಾಂವ ಇಗರ್ಜಿಯ ಗಂಟೆ ಬಾರಿಸುತ್ತಿದ್ದ, ನಮ್ಮ ಸತ್ತವರಿಗೆ ಗುಂಡಿ ತೋಡುತ್ತಿದ್ದ. ಬಲಿಪೂಜೆಗೆ ಮಾತ್ರ ಅವನೂ ಅವನ ಹೆಂಡತಿ ಪಾಸ್ಕಿಯೂ ಉಳಿದ ಸಿದ್ದಿಗಳೂ ಹಿಂದಿನ ದಪ್ಪ ಕಂಬದ ಆಚೆ ನಿಲ್ಲಬೇಕು, ಪರಮಪ್ರಸಾದಕ್ಕೆ ಎಲ್ಲರ ಕೊನೆಗೆ ಬರಬೇಕು. ಯಾರು ಮಾಡಿದ ನಿಯಮವೋ, ಯಾರೂ ಕೇಳಿರಲಿಲ್ಲ. ಅಂಥ ಬಸ್ತ್ಯಾಂವನ ಮನೆಯಲ್ಲಿ ಗುರುಗಳು ಚಕ್ಕಳಮಕ್ಕಳ ಹಾಕಿ ಕುಳಿತು ಗಂಜಿ ಉಣ್ಣುವುದನ್ನು ನಾನು ಬೇಲಿಯ ಸಂದಿನಿಂದ ಈ ಎರಡು ಕಣ್ಣಿನಿಂದ ನೋಡಿದೆ. ಗುರುಗಳು ಕೈ ತೊಳೆಯುವಷ್ಟರಲ್ಲಿ ಸುದ್ದಿ ಮೂರು ಕೇರಿ ದಾಟಿತ್ತು. ದಾಟಿಸಿದವರು ಯಾರೆಂದು ಕೇಳಬೇಡಿ.

ನಾನೇನು ಹಾಲುಬಿಳುಪಿನವಳೇ? ನಮ್ಮ ಮನೆಯ ಕಡಾಯಿಗಿಂತ ಒಂದು ಕೈ ತಿಳಿ, ಅಷ್ಟೆ. ಆದರೂ ಪೌಡರ್ ಬಳಿದುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಮಿನಿನ್ ಪಾತ್ರಾವ್ ಅವರ ಮನೆಯ ಗೋಡೆಯ ಮೇಲೆ ಅಜ್ಜ, ಮುತ್ತಜ್ಜ, ಅಜ್ಜನ ಕುದುರೆ, ಎಲ್ಲರ ಪಟವೂ ಇದೆ. ಗುಂಗುರು ಕೂದಲಿನ ಅಜ್ಜಿಯದೊಂದು ಯಾಕಿಲ್ಲ? ನಾನು ಏನೂ ಹೇಳುವುದಿಲ್ಲಪ್ಪ.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ. ಬಾಲಯೇಸುವನ್ನು ನೋಡಲು ಮೂಡಣದಿಂದ ಬಂದ ಮೂವರು ಅರಸರ ಹಬ್ಬವನ್ನು ನಮ್ಮಲ್ಲಿ ಜನವರಿ ಆರಕ್ಕೆ ಬಹಳ ಜೋರಾಗಿ ಮಾಡುತ್ತಾರೆ. ಮೂವರು ಅರಸರ ವೇಷ ತೊಟ್ಟು ಕೆರೆಯ ಶಿಲುಬೆಯಿಂದ ಇಗರ್ಜಿಯವರೆಗೆ ಮೆರವಣಿಗೆ ಬರುತ್ತಾರೆ. ಮೂರನೆಯ ಅರಸ ಆಫ್ರಿಕಾದ ಕಡೆಯವನೆಂದು ಪ್ರತೀತಿ, ಆದ್ದರಿಂದ ಕಪ್ಪಗಿರಬೇಕು. ಆ ಅರಸನ ಕಿರೀಟ ನಮ್ಮ ಮನೆತನದ್ದು. ಮೊದಲು ಮಾವ, ಆಮೇಲೆ ನಮ್ಮವರು, ಅವರು ತೀರಿಕೊಂಡ ಮೇಲೆ ಮಗ ಲುವಿಸ್. ಮುಖಕ್ಕೆ ಹಚ್ಚುವ ಮಸಿ ನನ್ನ ಕೈಯದು. ಹರಳೆಣ್ಣೆಯ ದೀಪದ ಮೇಲೆ ಕಂಚಿನ ತಟ್ಟೆ ಬೋರಲು ಹಾಕಿ, ಕೂತ ಕಾಡಿಗೆಯನ್ನು ಬೆಣ್ಣೆಯಲ್ಲಿ ಕಲಸಬೇಕು. ನನ್ನಂಥ ಮಸಿ ಇನ್ನೊಬ್ಬಳು ಮಾಡಲಿ ನೋಡೋಣ! ಬಿಸಿಲಿಗೆ ಅದು ಕರಗಿ ಕುತ್ತಿಗೆಗೆ ಇಳಿಯಬಾರದೆಂದು ಅರಸನ ತಲೆಯ ಮೇಲೆ ಜರಿಯಂಚಿನ ಕೆಂಪು ಕೊಡೆ ಹಿಡಿಯುತ್ತಿದ್ದರು. ಹಿಡಿಯುತ್ತಿದ್ದವನು ಯಾರು ಗೊತ್ತೇ? ಬಸ್ತ್ಯಾಂವ ಸಿದ್ದಿ. ಹದಿನೆಂಟು ವರ್ಷ ಅವನು ಹಿಡಿದ, ನಾವು ನೋಡಿದೆವು, ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಊರಿಗೆ ಊರೇ ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುತ್ತಿತ್ತು.

ಆ ವರ್ಷ ಹಬ್ಬದ ಬೆಳಿಗ್ಗೆ ಕೆರೆಯ ಶಿಲುಬೆಯ ಹತ್ತಿರ ಜನ ಸೇರಿದ್ದರು. ಬ್ಯಾಂಡಿನವರು ಊದಲು ಶುರುಮಾಡಿದ್ದರು. ನಾನು ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು, ಮಸಿಯ ಬಟ್ಟಲು ಹಿಡಿದು, ಲುವಿಸನನ್ನು ಮಣೆಯ ಮೇಲೆ ಕೂರಿಸಿದ್ದೆ. ಗುರುಗಳು ಬಂದು ಬಟ್ಟಲಿನೊಳಗೆ ಇಣುಕಿದರು.

"ಇದು ಏನು, ಎರ್ಮೆಲಿನ್‌ಬಾಯಿ?"

"ಮಸಿ, ಗುರುಗಳೇ. ಅರಸ ಕಪ್ಪಲ್ಲವೇ, ಅದಕ್ಕೆ."

ಗುರುಗಳು ಲುವಿಸನ ಮುಖ ನೋಡಿದರು. ಅವನ ಹಿಂದೆ ಕೊಡೆ ಹಿಡಿದು ನಿಂತಿದ್ದ ಬಸ್ತ್ಯಾಂವನ ಮುಖ ನೋಡಿದರು. ಮತ್ತೆ ನನ್ನ ಬಟ್ಟಲು ನೋಡಿದರು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡುತ್ತಿದ್ದೆ. ಅವರು ಬೈಯಲಿಲ್ಲ. ಬಸ್ತ್ಯಾಂವನ ಹತ್ತಿರ ಹೋಗಿ ಎರಡೂ ಕೈ ಚಾಚಿ, "ಕೊಡೆ ಇತ್ತ ಕೊಡಿ, ಬಸ್ತ್ಯಾಂವ್ ಅವರೇ. ಈ ವರ್ಷ ನಾನು ಹಿಡಿಯುತ್ತೇನೆ" ಎಂದರು. ಕೊಡೆ ತೆಗೆದುಕೊಂಡು ಬಿಚ್ಚಿ, ಬಸ್ತ್ಯಾಂವನ ತಲೆಯ ಮೇಲೆಯೇ ಹಿಡಿದು ನಿಂತರು.

ಬ್ಯಾಂಡಿನವರ ಉಸಿರು ಪೀಪಿಯೊಳಗೇ ಉಳಿಯಿತು.

ಮಿನಿನ್ ಪಾತ್ರಾವ್ ಕೆಂಪಾಗಿ ಮುಂದೆ ಬಂದರು. "ಗುರುಗಳೇ, ಇದು ಅಜ್ಜನ ಕಾಲದಿಂದ ಬಂದ ಪದ್ಧತಿ. ಸಿದ್ದಿಯ ತಲೆಗೆ ಕಿರೀಟವೇ? ನಾನು ಬಿಷಪ್ ಸ್ವಾಮಿಗಳಿಗೆ ಕಾಗದ ಬರೆಯುತ್ತೇನೆ!"

"ಬರೆಯಿರಿ" ಎಂದರು ಗುರುಗಳು. "ಅಂಚೆಚೀಟಿ ನನ್ನ ಹತ್ತಿರ ಇದೆ, ಕೊಡುತ್ತೇನೆ."

ಯಾರೋ ಕಿಸಕ್ಕನೆ ನಕ್ಕರು. ಲುವಿಸನೇ ಇರಬೇಕು.

ಆಗ ಬಸ್ತ್ಯಾಂವ ಬಾಯಿ ತೆರೆದ. ಹದಿನೆಂಟು ವರ್ಷದಲ್ಲಿ ಹಬ್ಬದ ದಿನ ಅವನ ದನಿಯನ್ನು ಕೇಳಿದ್ದು ಅದೇ ಮೊದಲು. "ಬೇಡ ಗುರುಗಳೇ. ಇವತ್ತು ಅರಸನಾಗಿ ಭಾನುವಾರ ಮತ್ತೆ ಕಂಬದ ಹಿಂದೆ ನಿಲ್ಲುವುದಾದರೆ ನನಗೆ ಆ ಕೊಡೆಯೇ ಸಾಕು. ಅದರ ಭಾರ ನನಗೆ ರೂಢಿಯಾಗಿದೆ."

ಜನ ಗುರುಗಳ ಮುಖ ನೋಡಿದರು. ಗುರುಗಳು ತಲೆ ಬಾಗಿಸಿದರು. ಗಂಟೆ ಬಾರಿಸುವವನ ಮುಂದೆ, ಇಡೀ ಊರಿನೆದುರು, ಗುಲಾಬಿ ಬಣ್ಣದ ದಾರದಲ್ಲಿ ಹೊಲಿದ ಆ ನಿಲುವಂಗಿಯಲ್ಲೇ. "ತಾವು ಹೇಳಿದ್ದು ಸರಿ. ಭಾನುವಾರ ಪರಮಪ್ರಸಾದ ಕಂಬದ ಹಿಂದಿನಿಂದಲೇ ಶುರುವಾಗುತ್ತದೆ. ಅದರ ಮುಂದಿನ ಭಾನುವಾರದಿಂದ ಅಲ್ಲಿ ಯಾರೂ ನಿಲ್ಲುವುದಿಲ್ಲ. ದೇವರು ತನ್ನ ರೂಪದಲ್ಲೇ ಮಾಡಿದವರನ್ನು ಕಂಬದ ಹಿಂದೆ ಇಡಲು ನಾವು ಯಾರು?"

ಇಷ್ಟೇ ಅವರ ಪ್ರಬೋಧನೆ. ಆಮೇಲೆ ನನ್ನ ಕಡೆ ತಿರುಗಿದರು. ಕಿರೀಟ ನನ್ನ ಮಡಿಲಲ್ಲಿತ್ತಲ್ಲ.

ನನ್ನ ಸಂಕಟ ನಿಮಗೆ ಹೇಗೆ ತಿಳಿಯಬೇಕು? ಆ ಕಿರೀಟ ಬಿಟ್ಟರೆ ಊರಿನಲ್ಲಿ ನಮಗೆ ಬೇರೆ ಏನು ಹೆಸರಿತ್ತು? ಗದ್ದೆ ಇಲ್ಲ, ಅಂಗಡಿ ಇಲ್ಲ. 'ಅರಸನ ಮನೆಯವಳು' ಎಂದು ವರ್ಷಕ್ಕೊಂದು ದಿನ ಕರೆಸಿಕೊಳ್ಳುತ್ತಿದ್ದೆ. ಕೊನೆಗೆ ಒಂದು ನೆಪ ಹುಡುಕಿದೆ. "ಕೊಡುತ್ತಿದ್ದೆ ಗುರುಗಳೇ, ಆದರೆ ಇದು ನಮ್ಮವರ ತಲೆಯ ಅಳತೆಯದು. ಅವನಿಗೆ ಹಿಡಿಸುವುದಿಲ್ಲ."

"ಇಟ್ಟು ನೋಡಿ" ಎಂದರು ಗುರುಗಳು.

ಲುವಿಸ್ ಮಣೆಯಿಂದ ಎದ್ದ. "ಮಾಂಯ್, ಎಲ್ಲರೆದುರು ಸುಳ್ಳು ಯಾಕೆ? ನನಗೆ ದೊಡ್ಡದಾಗುತ್ತದೆಂದು ವರ್ಷವರ್ಷವೂ ಒಳಗೆ ನಿನ್ನ ಹಳೇ ಸೀರೆಯ ತುಂಡು ತುರುಕುತ್ತೀಯಲ್ಲ! ಆ ಬೆಣ್ಣೆ ಮಸಿಗೆ ಹಬ್ಬ ಕಳೆದು ಎಂಟು ದಿನ ಮುಖ ಕೆರೆದುಕೊಳ್ಳುತ್ತೇನೆ. ಕೊಟ್ಟುಬಿಡು, ಪುಣ್ಯ ಬರುತ್ತದೆ."

ಹೆತ್ತ ಮಗ! ಊರೆಲ್ಲ ಘೊಳ್ಳೆಂದಿತು. ಬಸ್ತ್ಯಾಂವನೂ ನಕ್ಕುಬಿಟ್ಟ.

ಏನು ಮಾಡಲಿ? ಕಿರೀಟದೊಳಗಿನ ಚಿಂದಿ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ತ್ಯಾಂವನ ಹತ್ತಿರ ಹೋದೆ. ಆಳು ಎತ್ತರ, ನನ್ನ ಕೈ ಎಟುಕಲಿಲ್ಲ. ಅವನು ಮಂಡಿಯೂರಿದ. ಕಿರೀಟ ಇಡುವಾಗ ನನ್ನ ಬೆರಳು ಅವನ ಕೂದಲಿಗೆ ತಾಗಿತು. ನನ್ನ ಗಂಡನ ಗುಂಡಿಯನ್ನು ಇದೇ ಬಸ್ತ್ಯಾಂವ ತೋಡಿದ್ದ. ಮಳೆ ನೀರು ತುಂಬಿದಾಗ ಒಳಗಿಳಿದು ತನ್ನ ಕೈಯಿಂದ ಮೊಗೆದು ಹಾಕಿದ್ದ. ಅವನಿಗೆ ಅಂದು ಚಹವನ್ನು ನಾನು ಲೋಟದಲ್ಲಲ್ಲ, ತೆಂಗಿನ ಕರಟದಲ್ಲಿ ಕೊಟ್ಟಿದ್ದೆ. ಅಷ್ಟು ವರ್ಷ ನೆನಪಾಗದ ಆ ಕರಟ ಅವತ್ತು ಯಾಕೆ ನೆನಪಾಗಬೇಕು? ಕಣ್ಣಲ್ಲಿ ನೀರು ಬಂತು. ಮಸಿಯ ಹೊಗೆಯೆಂದು ಹೇಳಿದೆ, ಯಾರೂ ನಂಬಲಿಲ್ಲ.

ಕಿರೀಟ ಸರಿಯಾಗಿ ಕೂತಿತ್ತು.

ಮೆರವಣಿಗೆ ಹೊರಟಿತು. ಕಿರೀಟ ತೊಟ್ಟ ಬಸ್ತ್ಯಾಂವ ಪರಿಮಳದ ಭರಣಿ ಹಿಡಿದು ನಡೆದರೆ, ಪಕ್ಕದಲ್ಲಿ ಪೂಜ್ಯ ಗುರುಗಳು ತುದಿಗಾಲಲ್ಲಿ ಕೊಡೆ ಎತ್ತಿ ಹಿಡಿದು ನಡೆಯುತ್ತಿದ್ದರು. ಬಿಸಿಲೆಲ್ಲ ಅವರ ಬೋಳುತಲೆಗೆ. ಅರ್ಧ ದಾರಿಯಲ್ಲಿ ಲುವಿಸ್ ಹೋಗಿ ಕೊಡೆ ಕೇಳಿದ. ಗುರುಗಳು ಕೊಡಲಿಲ್ಲ. ಮಿನಿನ್ ಪಾತ್ರಾವ್ ಕಾಗದ ಬರೆದರೋ ಇಲ್ಲವೋ, ಅಂಚೆಚೀಟಿಯಂತೂ ತೆಗೆದುಕೊಂಡು ಹೋದರು.

ಭಾನುವಾರ ಗುರುಗಳು ಬಲಿಪೀಠದಿಂದ ಇಳಿದು ಉದ್ದಕ್ಕೂ ನಡೆದು ಕಂಬದ ಹಿಂದಕ್ಕೆ ಹೋದರು. ಮೊದಲ ಪರಮಪ್ರಸಾದ ಪಾಸ್ಕಿಗೆ. ಮುಂದಿನ ಸಾಲಿನ ನಾವು ಕೊನೆಯವರಾದೆವು. ಮರುವಾರ ನನ್ನ ಬೆಂಚಿನಲ್ಲಿ ನಾನೇ ಸರಿದು ಜಾಗ ಮಾಡಿದೆ. ಪೌಡರ್ ಹಚ್ಚುವುದನ್ನೂ ಬಿಟ್ಟೆ. ಉಳಿದ ಡಬ್ಬಿ ಲುವಿಸ್ ಕೇರಂ ಬೋರ್ಡಿಗೆ ಹಾಕಿದ. ಗುರುಗಳು ಕೈಯಿಟ್ಟರೆ ಜ್ವರ ಇಳಿಯುತ್ತಿತ್ತೆಂದು ಈಗ ಜನ ಹೇಳುತ್ತಾರೆ. ಇದ್ದರೂ ಇರಬಹುದು. ನಾನು ಕಣ್ಣಾರೆ ಕಂಡದ್ದು ನನ್ನ ಜಂಬ ಇಳಿದದ್ದನ್ನು. ಜ್ವರ ಅದರ ಮುಂದೆ ಏನು ಮಹಾ.

ಆದರೆ ಒಂದು ಮಾತು ಒಳಗೆ ಚುಚ್ಚುತ್ತಲೇ ಇತ್ತು. ಪಾಪನಿವೇದನೆಗೆ ಹೋಗಿ ಹೇಳಿದೆ. ಇದನ್ನಂತೂ ಯಾರಿಗೂ ಹೇಳಬೇಡಿ. ಪ್ರತಿ ಕ್ರಿಸ್ಮಸ್‌ಗೆ ಪಾಸ್ಕಿ ಬೇಲಿಯ ಮೇಲಿಂದ ಒಂದು ತಟ್ಟೆ ಕರಜಿಕಾಯಿ ಕೊಡುತ್ತಿದ್ದಳು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡು, 'ಆಹಾ ಪಾಸ್ಕಿ, ಎಷ್ಟು ಚಂದ' ಎಂದು ಹೇಳಿ, ಹಿಂದಿನ ಬಾಗಿಲಿನಿಂದ ಹೋಗಿ, ಬೇಲಿಯ ಸಂದಿನ ಪಕ್ಕದಲ್ಲೇ ಕಟ್ಟಿದ್ದ ಎಮ್ಮೆಗೆ ಹಾಕುತ್ತಿದ್ದೆ. ಹನ್ನೆರಡು ವರ್ಷ. ಗುರುಗಳು ಜಾಲರಿಯ ಆಚೆ ಎರಡು ಸಲ ಕೆಮ್ಮಿದರು. ನಗು ತಡೆದುಕೊಳ್ಳುತ್ತಿದ್ದರೋ ಏನೋ. ಐವತ್ತು ಜಪ ಹೇಳಿಸುತ್ತಾರೆಂದು ಕಾದೆ.

"ಬೇಲಿ ದಾಟಿ ಹೋಗಿ, ಕರಜಿಕಾಯಿ ಬಾಯಾರೆ ಕೇಳಿ, ಅಲ್ಲೇ ಕೂತು ತಿನ್ನಿ" ಎಂದರು.

ಜಪ ಐನೂರು ಹೇಳುತ್ತಿದ್ದೆ, ಇದು ಕಷ್ಟ. ಆದರೂ ಹೋದೆ. ಪಾಸ್ಕಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. "ಪಾಸ್ಕಿ, ಕರಜಿಕಾಯಿ ಉಳಿದಿದೆಯೇನೇ? ತಿನ್ನಬೇಕೆನಿಸಿತು" ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋಗಿ ಒಂದು ತಟ್ಟೆ ತುಂಬ ತಂದಿಟ್ಟಳು. ನಾನು ಒಂದು ಕಚ್ಚಿದೆ. ಏಲಕ್ಕಿ, ಎಳ್ಳು, ಕಾಯಿ... ದೇವರೇ, ಹನ್ನೆರಡು ವರ್ಷ ಎಂಥದನ್ನು ಕಳೆದುಕೊಂಡಿದ್ದೆ! ಆರು ತಿಂದು ಏಳುವಾಗ ಪಾಸ್ಕಿ ಬಾಳೆಲೆಯಲ್ಲಿ ಕಟ್ಟಿದ ಇನ್ನೊಂದು ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಇದು ನಿಮ್ಮ ಎಮ್ಮೆಗೆ, ಬಾಯಿ. ಹನ್ನೆರಡು ವರ್ಷ ತಿಂದು ರುಚಿ ಹತ್ತಿದೆ ಪಾಪ, ಒಮ್ಮೆಗೇ ಬಿಡಿಸಬೇಡಿ."