ಅಳಿವೆಯ ತಾಳೆಮರ

“ಗುರುಗಳೇ, ಕಡಲದಂಡೆಯಲ್ಲಿ ಕಟ್ಟುವವರು ಊರವರನ್ನು ಕೇಳಿ, ಒಪ್ಪಿಸಿಯೇ ಕಟ್ಟಿದರೆ ತಪ್ಪೇನು?” ಎಂದು ಶಿಷ್ಯ ಕೇಳಿದ.

“ನನಗೂ ಅದು ಪೂರ್ತಿ ಬಗೆಹರಿದಿಲ್ಲ ಮಾರಾಯ. ಕತೆ ಹೇಳುತ್ತೇನೆ, ಕೇಳು,” ಎಂದು ಗುರುಗಳು ಶುರುಮಾಡಿದರು.

ಒಬ್ಬ ಮೀನುಗಾರನಿದ್ದ. ನದಿ ಕಡಲು ಸೇರುವ ಅಳಿವೆಯ ಪಕ್ಕ ಅವನ ಮನೆ. ಅಳಿವೆಯೊಳಗೆ ದೋಣಿ ತರುವುದೆಂದರೆ ಹುಡುಗಾಟವೇ? ಎರಡೂ ಕಡೆ ಮರಳುದಿಬ್ಬ, ನಡುವೆ ಒಂದೇ ಆಳದ ದಾರಿ. ದಂಡೆಯ ತಾಳೆಮರವೂ ಹಿಂದಿನ ಗುಡ್ಡದ ನೆತ್ತಿಯೂ ಒಂದೇ ಗೆರೆಗೆ ಬಂದವೋ, ಆ ಗೆರೆ ಹಿಡಿದು ಧೈರ್ಯವಾಗಿ ಒಳಗೆ ಬರಬಹುದು. ಅಪ್ಪ ಇವನಿಗೆ ಕಲಿಸಿದ್ದ, ಇವನು ತಮ್ಮನಿಗೆ ಕಲಿಸಿದ್ದ.

ಒಬ್ಬ ವರ್ತಕ ಬಂದು ದಂಡೆಯಲ್ಲಿ ದೊಡ್ಡ ವಸತಿಗೃಹ ಕಟ್ಟುತ್ತೇನೆಂದ. ಒಳ್ಳೆಯ ಮನುಷ್ಯ, ಮನೆಮನೆಗೆ ಹೋಗಿ ಕೇಳಿದ. ಮೀನುಗಾರ ಹೇಳಿದ್ದು ಒಂದೇ ಮಾತು: “ಏನು ಬೇಕಾದರೂ ಕಟ್ಟಿಕೊಳ್ಳಿ ಧಣಿಗಳೇ, ಆ ತಾಳೆಮರ ಒಂದನ್ನು ಉಳಿಸಿಕೊಡಿ. ನಮ್ಮ ಜೀವ ಅದರಲ್ಲಿದೆ.”

ವರ್ತಕ ಮರ ಮುಟ್ಟಲಿಲ್ಲ. ಮುಟ್ಟುವುದಿರಲಿ, ಮಳೆಗಾಲದ ಅಲೆ ಅದರ ಬುಡ ಕೊರೆಯದಿರಲೆಂದು ದಂಡೆಯುದ್ದಕ್ಕೂ ಕಲ್ಲಿನ ಗೋಡೆ ಹಾಕಿಸಿದ. ಮೀನುಗಾರನಿಗೆ ಸಂತೋಷವೋ ಸಂತೋಷ.

ಗೋಡೆಗೆ ಬಡಿದ ಅಲೆ ದಂಡೆಗೆ ಮರಳು ಹಾಕುವುದನ್ನು ಬಿಟ್ಟಿತು. ಆ ಮರಳೆಲ್ಲ ಸರಿದು ಅಳಿವೆಯ ಬಾಯಿಗೆ ಬಿತ್ತು. ನೀರಿನಡಿ ಆದದ್ದು ಯಾರಿಗೆ ಕಾಣಬೇಕು?

ಮಳೆಗಾಲ ಕಳೆದ ಮೇಲೆ ಮೊದಲ ದಿನ ಅಣ್ಣತಮ್ಮಂದಿರು ಉಬ್ಬರದಲ್ಲಿ ಸಲೀಸಾಗಿ ಹೊರಟರು. ಮಧ್ಯಾಹ್ನ ಇಳಿತದಲ್ಲಿ ಹಿಂದಿರುಗಿದರು. ಮರ, ಗುಡ್ಡ ಒಂದೇ ಗೆರೆಗೆ ಬಂದವು. ಮೀನುಗಾರ ದೋಣಿ ಒಳಗೆ ಬಿಟ್ಟ. ಅದು ಮರಳಿಗೆ ಬಡಿದು ಮಗುಚಿತು. ಅಣ್ಣ ದಡ ಸೇರಿದ. ತಮ್ಮ ಸೇರಲಿಲ್ಲ.

ಅಯ್ಯೋ, ಅವನಿಗೆ ತಲೆಬುಡ ತಿಳಿಯಲಿಲ್ಲ. ಮರ ಅಲ್ಲೇ ಇದೆ. ಗುಡ್ಡ ಅಲ್ಲೇ ಇದೆ. ಕೈ ತಪ್ಪಿತೇ? ಇಲ್ಲ. ಕಣ್ಣು ತಪ್ಪಿತೇ? ಅದೂ ಇಲ್ಲ. ಮತ್ತೆ ದಾರಿ ಎಲ್ಲಿ ಹೋಯಿತು? ಕಡಲಲ್ಲಿ ಇನ್ನೂ ನಾಲ್ಕು ದೋಣಿಗಳಿದ್ದವು. ಎಲ್ಲರೂ ಆ ಮರ ನೋಡಿಕೊಂಡೇ ಬರುವವರು. ಕೂಗಿದರೆ ಕೇಳುವಷ್ಟು ಹತ್ತಿರವಿಲ್ಲ. ಮರ ಕಾಣದಿದ್ದರೆ ಹೊರಗೇ ನಿಂತಾರು ಎಂದು ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿ ಕೊಡಲಿ ತಂದ.

ವರ್ತಕ ಅಡ್ಡ ಬಂದ. “ನಿನಗೇನು ಹುಚ್ಚು ಹಿಡಿಯಿತೇ? ಉಳಿಸಿಕೊಡಿ ಎಂದು ಬೇಡಿದವನು ನೀನೇ ಅಲ್ಲವೇ?”

“ಹೌದು ಧಣಿಗಳೇ, ನಾನೇ,” ಎನ್ನುತ್ತಾ ಮೀನುಗಾರ ಅಳುತ್ತಲೇ ಬುಡಕ್ಕೆ ಏಟು ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನಷ್ಟು ಗೊಂದಲವಾಯಿತು. “ವರ್ತಕ ಕೊಟ್ಟ ಮಾತು ಉಳಿಸಿಕೊಂಡ. ಮೀನುಗಾರ ಮನಸಾರೆ ಒಪ್ಪಿದ್ದ. ಹಾಗಾದರೆ ತಪ್ಪು ಯಾರದು ಗುರುಗಳೇ?”

“ತಪ್ಪು ಯಾರದೆಂದು ಕೇಳಿದೆ,” ಎಂದರು ಗುರುಗಳು, “ಆ ನಾಲ್ಕು ದೋಣಿಗಳು ಏನಾದವೆಂದು ಕೇಳಲಿಲ್ಲವಲ್ಲ.”