ಬ್ರಾಡೇನಿಯ ಹೊಳೆ ನೆಲದೊಳಗೆ ಇಳಿದದ್ದು

ಆಗ ಭೂಮಿ ಇನ್ನೂ ಹೊಸತು. ಬೆಟ್ಟಗಳು ತಮ್ಮ ತಮ್ಮ ಜಾಗ ಹಿಡಿದು ಕೂತು ನಾಲ್ಕು ದಿನ ಆಗಿತ್ತೋ ಇಲ್ಲವೋ. ಆಗಲೇ ರೊಮೇನಿಯಾದ ಬೆಟ್ಟಗಳ ನಡುವೆ ಬ್ರಾಡೇನಿ ಅನ್ನುವ ಪುಟ್ಟ ಊರು ಹುಟ್ಟಿತು. ಊರೆಂದರೆ ಏನು, ಹನ್ನೊಂದು ಮನೆ. ಒಂದೊಂದು ಮನೆ ಒಂದೊಂದು ಗುಡ್ಡದ ಮೇಲೆ. ನಡುವೆ ಹೊಳೆ.

ಅಷ್ಟು ದೂರದಿಂದ ಕೂಗಿದರೆ ಯಾರಿಗೆ ಕೇಳುತ್ತೆ ಹೇಳು? ಅದಕ್ಕೇ ಅಲ್ಲಿನ ಹೆಂಗಸರು ಆಳುದ್ದದ ಮರದ ಕಹಳೆ ಊದುತ್ತಿದ್ದರು. ಮನೆಗೊಂದು ರಾಗ. ಮರ ಒಣಗಿದರೆ ಸೀಳುತ್ತದೆ, ಹಾಗಾಗಿ ದಿನವೂ ಕಹಳೆಯನ್ನು ಹೊಳೆಯಲ್ಲಿ ಅದ್ದಬೇಕು.

ಸವೇತಾ ಎಂಬ ತಾಯಿಗೆ ಇದ್ದವಳು ಒಬ್ಬಳೇ ಮಗಳು, ಇಲಿಂಕಾ. ಹೊಳೆದಂಡೆಯಲ್ಲಿ ಕುರಿ ಕಾಯುತ್ತಿದ್ದಳು. ಸಂಜೆಯಾದರೆ ಸವೇತಾ ಕಹಳೆ ಅದ್ದಿ, ಗುಡ್ಡ ಹತ್ತಿ, ಊದುವಳು. “ತೂ... ತೂತೂ... ತೂ.” ಇಲಿಂಕಾ ಓಡಿ ಬರುವಳು.

ದಿನವೂ ಆ ಕಹಳೆಯೊಳಗೆ ಹರಿದು ಹರಿದು ಹೊಳೆಗೂ ರಾಗ ಬಾಯಿಪಾಠವಾಯಿತು.

“ಸವೇತಕ್ಕಾ, ಇವತ್ತು ನಾನು ಕರೀಲಾ?” ಎಂದು ಒಂದು ಸಂಜೆ ಹೊಳೆ ಕೇಳಿತು.

ಸವೇತಾಗೆ ಮೊಣಕಾಲು ನೋವು. “ಕರೆಯೇ ತಾಯಿ! ನನಗೂ ಗುಡ್ಡ ಹತ್ತೋದು ತಪ್ಪುತ್ತೆ” ಎಂದು ನಕ್ಕಳು. ಮನೆಯ ರಾಗವನ್ನು ಯಾರಾದರೂ ಇನ್ನೊಬ್ಬರ ಬಾಯಿಗೆ ಕೊಡುತ್ತಾರಾ? ಇವಳು ಕೊಟ್ಟಳು. ಏನು ಹೇಳೋಣ!

ಹೊಳೆ ಕರೆಯಿತು, ಇಲಿಂಕಾ ಬಂದಳು. ಮರುದಿನವೂ ಕರೆಯಿತು, ಮರುದಿನವೂ ಬಂದಳು. ಕಹಳೆ ಗೋಡೆಯ ಮೇಲೆ ಹಾಗೇ ತೂಗುತ್ತಿತ್ತು.

ಒಂದು ವಸಂತದಲ್ಲಿ ಮೇಲಿನ ಹಿಮವೆಲ್ಲ ಒಟ್ಟಿಗೇ ಕರಗಿತು. ಗಾಳಿ ಏದುಸಿರು ಬಿಡುತ್ತಾ ಬಂತು. “ಸವೇತಾ, ನೀರು ಬರ್ತಿದೆ! ಗುಡ್ಡದಿಂದ ಊದು, ಮಗಳು ಮೇಲಕ್ಕೆ ಹತ್ತಲಿ!”

ಸವೇತಾ ಕಹಳೆ ಎಳೆದುಕೊಂಡು ಓಡಿದಳು. ಎಷ್ಟು ದಿನದಿಂದ ಅದ್ದಿರಲಿಲ್ಲವೋ! ಕಹಳೆ ಉದ್ದಕ್ಕೂ ಸೀಳಿತ್ತು. ಊದಿದಳು, ಊದಿದಳು. ಬಂದದ್ದು ಬರೀ ಉಸಿರು.

ಕೆಳಗೆ ಹೊಳೆಗೂ ಜೀವ ಬಾಯಿಗೆ ಬಂದಿತ್ತು. ತಡೆದುಕೊಳ್ಳಲಾರದಷ್ಟು ನೀರು. ಹೆದರಿ ಕಿರುಚಿತು. ಅದಕ್ಕೆ ಗೊತ್ತಿದ್ದದ್ದು ಒಂದೇ ರಾಗ. “ತೂ... ತೂತೂ... ತೂ!”

“ಬಂದೇ ಅಮ್ಮಾ!” ಎಂದಳು ಇಲಿಂಕಾ. ರಾಗ ಕೇಳಿಬಂದ ನೀರಿನ ಕಡೆಗೇ ಓಡಿದಳು. ಅಯ್ಯೋ, ಹೋಗಿಯೇಬಿಟ್ಟಳು.

“ಅಕ್ಕಾ, ನಾನು ಬೇಕಂತ ಕರೀಲಿಲ್ಲ” ಎಂದು ಹೊಳೆ ಅತ್ತಿತು.

“ಗೊತ್ತು” ಎಂದಳು ಸವೇತಾ. “ಕರೆ ಅಂದವಳು ನಾನೇ ತಾನೆ? ಆದರೆ ಆ ರಾಗ ಇನ್ನು ನನ್ನ ಕಿವಿಗೆ ಬೀಳಬಾರದು. ಹೋಗು.”

ಎಲ್ಲಿಗೆ ಹೋದೀತು? ಬೇರೆ ರಾಗ ಅದಕ್ಕೆ ಬರುತ್ತಿರಲಿಲ್ಲ. ಊರಂಚಿನ ಬಂಡೆ ಬಾಯಿ ತೆರೆದು, “ಒಳಗೆ ಬಾ, ಇಲ್ಲಿ ಅತ್ತರೆ ಯಾರಿಗೂ ಕೇಳಿಸಲ್ಲ” ಎಂದಿತು. ಹೊಳೆ ಇಳಿಯಿತು. ಕತ್ತಲಲ್ಲಿ ಇಲಿಂಕಾಳನ್ನು ಹುಡುಕಿತು. ಸಿಗಲಿಲ್ಲ.

ಕಂದಾ, ಇವತ್ತಿಗೂ ಬ್ರಾಡೇನಿಯ ಹೊಳೆ ಮೊದಲ ಮನೆ ಕಾಣುತ್ತಲೇ ಬಂಡೆಯ ಕೆಳಗೆ ಇಳಿದುಬಿಡುತ್ತದೆ, ಊರ ನಡುವೆ ಇರುವುದು ಬರೀ ಒಣ ಬಿಳಿ ಕಲ್ಲು. ಆ ಕಲ್ಲಿಗೆ ಕಿವಿಯಿಟ್ಟರೆ ಒಳಗಿನಿಂದ ಯಾರೋ ಕರೆದಂತೆ ಕೇಳುತ್ತದೆ, ಆದರೆ ಅದಕ್ಕೆ ಓಗೊಡಲು ಅಲ್ಲಿನ ಯಾವ ತಾಯಿಯೂ ಮಕ್ಕಳನ್ನು ಬಿಡುವುದಿಲ್ಲ.